ಪ್ಲಾಟಿನಮ್ಮಿಗೆ ದೃಷ್ಟಿ ತೆಗೆದದ್ದು

ಬುದ್ಧಿವಂತರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನೇ ಬಿ.ಎಸ್ಸಿ. ಮಾಡಿದವಳು, ಹಾಗಾಗಿ ಈ ಮಾತು ಹೇಳುವ ಹಕ್ಕು ನನಗಿದೆ. ಓದದವರ ದಡ್ಡತನ ಹೊಲ, ಮನೆ, ನೆಂಟರ ಮಟ್ಟಿಗೆ ಮುಗಿಯುತ್ತದೆ. ಓದಿದವರ ದಡ್ಡತನಕ್ಕೆ ಕೋಟು, ಟೈ, ಕೈಕೆಳಗೆ ನಾಲ್ಕು ಜನ ಬೇರೆ ಇರುತ್ತಾರೆ. ಅಂಥವರೊಬ್ಬರ ಕೈಕೆಳಗೆ, ಯುದ್ಧದ ಕಾಲದಲ್ಲಿ, ಮಂಡ್ಯದಲ್ಲಿ ನಾನು ಕೆಲಸಕ್ಕೆ ಸೇರಿದೆ.

ಅದೊಂದು ಸಣ್ಣ ಸ್ಪಿರಿಟ್ಟು ಕಾರ್ಖಾನೆ. ಊರ ಹೊರಗೆ ಯುದ್ಧದ ಗಾಳಿಗೆ ಎದ್ದು ನಿಂತು, ಸ್ವಾತಂತ್ರ್ಯ ಬಂದ ವರ್ಷವೇ ಬಾಗಿಲು ಹಾಕಿಕೊಂಡಿತು. ಈಗ ಹೋಗಿ ಹುಡುಕಿದರೆ ಒಂದು ಗೋಡೆಯೂ ಸಿಗುವುದಿಲ್ಲ. ಸಕ್ಕರೆ ಮಾಡಿದ ಮೇಲೆ ಉಳಿಯುವ ಕಾಕಂಬಿಯನ್ನು ಕೊಂಡು ತಂದು, ಹುಳಿ ಬರಿಸಿ, ಬಟ್ಟಿ ಇಳಿಸಿ ಸ್ಪಿರಿಟ್ಟು ಮಾಡುತ್ತಿದ್ದರು. ಹಿಂಬದಿಯಲ್ಲಿ ಹೆಂಚಿನ ಒಂದು ಕೋಣೆ. ಅದಕ್ಕೆ ಲ್ಯಾಬು ಅಂತ ಹೆಸರು.

ಆ ಲ್ಯಾಬಿನ ಒಡೆಯರು ನಮ್ಮ ಹಿರಿಯ ಕೆಮಿಸ್ಟರು. ಸೀಮೆಗೆ ಹೋಗಿ ಓದಿ ಬಂದವರು. ಮಂಡ್ಯದ ಬೇಸಿಗೆ ಎಂಥದು ಅಂತ ನಿಮಗೆ ಗೊತ್ತು, ನಾಯಿ ಕೂಡ ಮೋರಿ ಬಿಟ್ಟು ಏಳುವುದಿಲ್ಲ. ಅಂಥ ಬೇಸಿಗೆಯಲ್ಲೂ ಇವರಿಗೆ ಕೋಟಿನೊಳಗೆ ಇನ್ನೊಂದು ಕೋಟು ಬೇಕು. ಬೆವರು ಒರೆಸಿಕೊಳ್ಳುತ್ತ, "ನಾನು ಲಂಡನ್ನಿನಲ್ಲಿದ್ದಾಗ" ಅಂತ ಶುರುಮಾಡಿದರೆ ಜವಾನ ಮೆಲ್ಲಗೆ ಹೊರಗೆ ಹೋಗಿ ಬೀಡಿ ಹಚ್ಚಿಕೊಳ್ಳುತ್ತಿದ್ದ. ನನಗೆ ಬೀಡಿ ಇರಲಿಲ್ಲವಾದ್ದರಿಂದ ನಿಂತು ಕೇಳುತ್ತಿದ್ದೆ.

ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಂಡದ್ದು ದೊಡ್ಡ ಮನಸ್ಸಿನಿಂದ ಅಂತ ಅವರು ಹೇಳಿಕೊಂಡು ತಿರುಗುತ್ತಿದ್ದರು. ಗಂಡುಮಕ್ಕಳೆಲ್ಲ ಯುದ್ಧದ ಕೆಲಸ ಅಂತ ಬೆಂಗಳೂರು, ಪೂನಾ ಸೇರಿದ್ದರು. ಮಂಡ್ಯದ ಕಾಕಂಬಿ ವಾಸನೆಗೆ ಬರುವವರು ಯಾರೂ ಇರಲಿಲ್ಲ. ದೊಡ್ಡ ಮನಸ್ಸಿನ ಕಥೆ ಇಷ್ಟೇ. ಅದೂ ತಾತ್ಕಾಲಿಕ. ಯಾವತ್ತು ಬೇಕಾದರೂ "ನಾಳೆಯಿಂದ ಬರಬೇಡ" ಅನ್ನಬಹುದು.

ನನಗೆ ಅದು ಖಾಯಂ ಆಗಲೇಬೇಕಿತ್ತು. ಯಾಕೆ ಅಂದರೆ ಮಳವಳ್ಳಿಯಲ್ಲಿ ನನ್ನ ಸೋದರಮಾವ ಕಾಯುತ್ತ ಕೂತಿದ್ದ. ಅವ್ವನ ಒಡಹುಟ್ಟಿದ ತಮ್ಮ. ಮೊದಲ ಹೆಂಡತಿ ತೀರಿಹೋಗಿದ್ದಳು. ಅಕ್ಕನ ಮಗಳು ತನ್ನ ಹಕ್ಕು ಅಂತ ಸಂತೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ನನ್ನ ಸಿಂಬಳ ಒರೆಸಿದವನು ಅವನು. ಕೆಟ್ಟವನಲ್ಲ ಬಿಡಿ. ಉಂಡ ಮೇಲೆ ಗಟ್ಟಿಯಾಗಿ ತೇಗುವುದನ್ನು ಬಿಟ್ಟರೆ ಯಾವ ವಿಚಾರದಲ್ಲೂ ಅವನಿಗೆ ಒಂದು ಅಭಿಪ್ರಾಯ ಅಂತ ಇರಲಿಲ್ಲ. ಆ ತೇಗನ್ನು ಜೀವನವಿಡೀ ಕೇಳಲು ಮಾತ್ರ ನಾನು ತಯಾರಿರಲಿಲ್ಲ.

ಅಪ್ಪ ಮದ್ದೂರಿನಲ್ಲಿ ಸ್ಕೂಲು ಮೇಷ್ಟ್ರು. ನನ್ನ ಓದು ಮುಗಿಯುವ ಮೊದಲೇ ಹೋಗಿಬಿಟ್ಟರು. ಉಳಿದವಳು ಅವ್ವ. ಬೆಸಗರಹಳ್ಳಿ ಕಡೆಯವಳು, ಅಕ್ಷರ ಬಾರದವಳು, ಬಾಯಿ ಬಿಟ್ಟರೆ ಮಚ್ಚು. ಅವಳು ಒಂದು ದಿನ ಮುದ್ದೆ ತಿರುವುತ್ತ ತೀರ್ಮಾನ ಹೇಳಿಬಿಟ್ಟಳು.

"ನೋಡು ಮಗ, ಕೆಲ್ಸ ಕಾಯಂ ಆದ್ರೆ ನಿನ್ ದಾರಿ ನಿಂಗೆ. ಯಾವನ್ಗೂ ನಾನು ಜವಾಬು ಕೊಡಾಕಿಲ್ಲ. ಆಗ್ನಿಲ್ವಾ, ಆಸಾಡ ಕಳೀತಿದ್ದಂಗೆ ಮಳವಳ್ಳಿ. ತಮ್ಮುನ್ ಬಾಯ ಎಷ್ಟ್ ದಿನಾಂತ ಮುಚ್ಚಾನ ಏಳು."

ನ್ಯಾಯವಾದ ಮಾತು. ನಾನು ಒಪ್ಪಿಕೊಂಡೆ. ಅವತ್ತಿನಿಂದ ನನ್ನ ಹಣೆಬರಹವೆಲ್ಲ ಒಂದು ಬಾಟಲಿ ಕಪ್ಪು ಪುಡಿಯಲ್ಲಿ ಸೇರಿಕೊಂಡಿತು.

ಆ ಪುಡಿಯ ವಿಚಾರ ಹೇಳಬೇಕು. ಕೆಮಿಸ್ಟರು ಸೀಮೆಯಿಂದ ಬರುವಾಗ ಒಂದು ಗಾಜಿನ ಬಾಟಲಿಯಲ್ಲಿ ತಂದಿದ್ದರು. ನೋಡಿದರೆ ಹಲ್ಲುಜ್ಜುವ ಇದ್ದಿಲ ಪುಡಿ. ನಿಜಕ್ಕೂ ಇದ್ದಿಲೇ. ಆದರೆ ಆ ಇದ್ದಿಲ ಕಣಕಣದ ಮೇಲೂ ಪ್ಲಾಟಿನಂ ಅನ್ನುವ ಲೋಹವನ್ನು, ಕಣ್ಣಿಗೆ ಕಾಣದಷ್ಟು ಸಣ್ಣಗೆ, ಹರಡಿ ಕೂರಿಸಿರುತ್ತಾರೆ. ಇದ್ದಿಲಿನ ಮೈಯೆಲ್ಲ ತೂತು, ಹಾಗಾಗಿ ಚಿಟಿಕೆ ಪುಡಿಯಲ್ಲಿ ಗದ್ದೆಯಷ್ಟು ಜಾಗ. ಚಿನ್ನಕ್ಕಿಂತ ದುಬಾರಿ ಲೋಹ, ಆದ್ದರಿಂದ ಹೀಗೆ ತೆಳ್ಳಗೆ ಬಳಿದು ಜುಗ್ಗತನ ಮಾಡುವುದು. ಸೀಮೆಯಲ್ಲಿ ಇಂಥ ಪುಡಿಯಿಂದ ಔಷಧಿ ಮಾಡುತ್ತಾರೆ, ಬಣ್ಣ ಮಾಡುತ್ತಾರೆ, ಎಣ್ಣೆಯನ್ನು ಗಟ್ಟಿ ಮಾಡಿ ತುಪ್ಪದ ವೇಷವನ್ನೂ ಹಾಕಿಸಬಹುದಂತೆ. ಸ್ಪಿರಿಟ್ಟಿನ ಹಬೆಯನ್ನೂ ಗಾಳಿಯನ್ನೂ ಬೆರೆಸಿ ಇದರ ಮೇಲೆ ಹಾಯಿಸಿದರೆ ಸ್ಪಿರಿಟ್ಟು ಹುಳಿಯಾಗುತ್ತದೆ, ವಿನಿಗರ್ ಆಗುತ್ತದೆ. ಪುಡಿ ಮಾತ್ರ ಇದ್ದ ಹಾಗೇ ಇರುತ್ತದೆ. ಇದಕ್ಕೆ ಕ್ಯಾಟಲಿಸ್ಟು ಅಂತ ಹೆಸರು.

ಅವ್ವ ಕೇಳಿದಾಗ ನಾನು ತಿಳಿಸಿ ಹೇಳಿದೆ. "ಅದು ನಡುವೆ ನಿಂತುಕೊಂಡು ಎಲ್ಲ ಕೆಲಸವನ್ನೂ ಆಗಿಸುತ್ತದೆ ಅವ್ವ. ಮಾಡಿದ್ದರಲ್ಲಿ ಅದರ ಗುರುತೇ ಇರುವುದಿಲ್ಲ. ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹಾಕಬಹುದು."

"ಅಂಗಾದ್ರೆ ಅದು ಸೊಸೆ ಅನ್ನು. ಅದ್ಕ್ಯಾಕೆ ಸೀಮೆಯಿಂದ ಅಡಗಲ್ಲಿ ತರ್ಸಿದ್ರು? ಕೇಳಿದ್ರೆ ನಮ್ ಬೀದೀಲೇ ಸಿಕ್ಕೋದಲ್ಲ."

ಸೀಮೆಗೆ ಹೋಗಿ ಬಂದವರು ಇಷ್ಟು ಚೆನ್ನಾಗಿ ಒಂದು ದಿನವೂ ಹೇಳಿದ್ದು ನಾನು ಕೇಳಲಿಲ್ಲ.

ಈ ಹುಳಿ ಯಾರಿಗೆ ಬೇಕು ಅಂದರೆ, ರಬ್ಬರು ತೋಟದವರಿಗೆ. ಮರದ ಹಾಲನ್ನು ಗಟ್ಟಿಮಾಡಲು ಹುಳಿ ಬೇಕು. ಅದು ಹಡಗಿನಲ್ಲಿ ಬರುತ್ತಿತ್ತು. ಯುದ್ಧ ಬಂದು ಹಡಗು ನಿಂತಿತು. ಮುಂಬೈಯ ವ್ಯಾಪಾರಿಯೊಬ್ಬರು ಇಲ್ಲೇ ಯಾರಾದರೂ ಮಾಡಿಕೊಡುತ್ತಾರಾ ಅಂತ ಹುಡುಕುತ್ತ ಬರುವವರಿದ್ದರು. ಕೆಮಿಸ್ಟರು ನನ್ನನ್ನು ಕರೆದು ಹೇಳಿದರು: "ನೋಡಮ್ಮ, ಮುಂಬೈಯವರ ಕಣ್ಣೆದುರಿಗೆ ಇದು ಆಗಿಬಿಟ್ಟರೆ ಲ್ಯಾಬಿಗೆ ಒಂದು ಖಾಯಂ ಕೆಲಸ ಮಂಜೂರಾಗುತ್ತೆ. ಅದು ನಿನ್ನದು. ಆಗಲಿಲ್ಲ ಅಂದರೆ ಲ್ಯಾಬಿಗೇ ಬೀಗ."

ನಾನು ಎತ್ತಿನ ಹಾಗೆ ದುಡಿದೆ. ಉದ್ದನೆಯ ಗಾಜಿನ ಕೊಳವೆ, ಅದರೊಳಗೆ ಗಾಜಿನ ಅರಳೆ ಹಾಸಿ ಅದರ ಮೇಲೆ ಪುಡಿ. ಒಂದು ಕಡೆಯಿಂದ ಬಿಸಿನೀರಲ್ಲಿ ಇಟ್ಟ ಸ್ಪಿರಿಟ್ಟಿನ ಹಬೆ, ಜೊತೆಗೆ ಗಾಳಿ. ಇನ್ನೊಂದು ಕಡೆ ನೀರಿನ ಬೋಗುಣಿ, ಅದರಲ್ಲಿ ನೀಲಿ ಲಿಟ್ಮಸ್ ಕಾಗದ. ಹುಳಿ ಬಂದರೆ ಕಾಗದ ಕೆಂಪಾಗುತ್ತದೆ. ಗಾಳಿ ಊದುವ ಯಂತ್ರವೂ ಹಡಗಿನಲ್ಲೇ ಎಲ್ಲೋ ನಿಂತಿದ್ದರಿಂದ ಗೆಜ್ಜಲಗೆರೆಯ ಕಮ್ಮಾರನ ಹತ್ತಿರ ತಿದಿ ತಂದು ಕೂಡಿಸಿದೆ. ಜವಾನ ಕೂತು ಒತ್ತುತ್ತಿದ್ದ. ತಿದಿಯ ಬಾಯಿ ಕಿಟಕಿಯ ಕೆಳಗೆ, ಪಕ್ಕದಲ್ಲೇ ನೀರು ಕಾಯಿಸುವ ಇದ್ದಿಲ ಅಗ್ಗಿಷ್ಟಿಕೆ. ಪುಡಿ ಒಣಗಿದಾಗ ಸ್ಪಿರಿಟ್ಟಿನ ಹಬೆ ಜೋರಾಗಿ ನುಗ್ಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಒಂದು ಸಲ ನನ್ನ ಹುಬ್ಬು ಸೀದುಹೋಗಿ ಅವ್ವನ ಹತ್ತಿರ ಬೈಸಿಕೊಂಡದ್ದೂ ಆಯಿತು. ಕೊನೆಗೆ ಕಾಗದ ಕೆಂಪಾಯಿತು. ಕೆಮಿಸ್ಟರು ಮೂಗು ಹತ್ತಿರ ತಂದು ವಾಸನೆ ನೋಡಿ, "ನಾನು ಹೇಳಿರಲಿಲ್ಲವಾ" ಅಂದರು. ಅವರು ಏನನ್ನೂ ಹೇಳಿರಲಿಲ್ಲ.

ಆಗ ಅವರಿಗೆ ಒಂದೇ ಜಪ, ಗಂಧಕ. ಈ ಪ್ಲಾಟಿನಮ್ಮಿಗೆ ಗಂಧಕ ಅಂದರೆ ಆಗದು. ಒಂದು ಎಳೆ ಹೊಗೆ ತಗುಲಿದರೂ ಅದರ ಮೈಗೆ ಅಂಟಿಕೊಂಡು ಉಸಿರು ಕಟ್ಟಿಸಿಬಿಡುತ್ತದೆ. ಊರ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಬೆಳ್ಳಗಾಗಲು ಗಂಧಕ ಸುಡುತ್ತಾರಲ್ಲ, ಗಾಳಿ ಆ ಕಡೆಯಿಂದ ಬೀಸಿದ ದಿನ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದೆವು. ಈರುಳ್ಳಿಯಲ್ಲೂ ಗಂಧಕ, ಮೊಟ್ಟೆಯಲ್ಲೂ ಗಂಧಕ ಅಂತ ಜವಾನನ ಬುತ್ತಿ ಬಿಚ್ಚಿಸಿ ನೋಡಿ, ಈರುಳ್ಳಿಯನ್ನು ಆಚೆ ಎಸೆಸಿದರು. ಪಾಪ, ಅವನು ಬರೀ ಮುದ್ದೆಗೆ ಉಪ್ಪು ನೆಂಚಿಕೊಂಡು ತಿಂದ.

ಇದರ ಮಧ್ಯೆ ಒಂದು ದಿನ ಅವ್ವ ನಾನು ಕೆಲಸ ಮಾಡುವ ಜಾಗ ನೋಡಬೇಕು ಅಂತ ಬಂದಳು. ಸಾಲಾಗಿ ಹೊಳೆಯುವ ಗಾಜು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು.

"ಇಷ್ಟ್ ಚೆಂದಾಗ್ ಒಳೀತಾ ಕುಂತದೆ, ಬಂದೋರ್ ಕಣ್ಣು ಬೀಳ್ದೇ ಇದ್ದಾದಾ ಬುದ್ಧಿ? ಅಪ್ಪಣೆ ಆದ್ರೆ ಒಂದ್ಸಲ ದಿಷ್ಟಿ ನೀವಾಳ್ಸ್ತೀನಿ" ಅಂತ ಕೆಮಿಸ್ಟರಿಗೆ ಕೈ ಮುಗಿದಳು.

ದೃಷ್ಟಿ ತೆಗೆಯುವುದರಲ್ಲಿ ಅವ್ವನ ಕೈ ಹೆಸರುವಾಸಿ. ಮಗು ಹಾಲು ಕುಡಿಯದಿದ್ದರೆ, ಎಮ್ಮೆ ಒದ್ದರೆ, ಹೊಸ ಸೊಸೆ ಸಪ್ಪಗಾದರೆ ನಮ್ಮ ಬೀದಿಯವರು ಅವ್ವನನ್ನೇ ಕರೆಯುತ್ತಿದ್ದರು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ, ತಲೆಗೂದಲು ಹಿಡಿಯಲ್ಲಿ ಹಿಡಿದು ಸುತ್ತಿಸಿ ಕೆಂಡಕ್ಕೆ ಹಾಕುವುದು. ಮೆಣಸಿನಕಾಯಿ ಸುಟ್ಟ ಘಾಟು ಎಲ್ಲರಿಗೂ ಬಂದು ಕೆಮ್ಮಿದರೆ ದೃಷ್ಟಿ ಏನೂ ಇಲ್ಲ ಅಂತ ಲೆಕ್ಕ. ಘಾಟು ಬರಲೇ ಇಲ್ಲ ಅಂದರೆ ಕೆಟ್ಟ ದೃಷ್ಟಿ ಇತ್ತು, ಈಗ ಹೋಯಿತು.

ಕೆಮಿಸ್ಟರು ಅವ್ವನಿಗೆ ದೊಡ್ಡ ಉಪನ್ಯಾಸವನ್ನೇ ಕೊಟ್ಟರು. "ಇದು ವಿಜ್ಞಾನ ಕಣಮ್ಮ. ಇಲ್ಲಿ ದೃಷ್ಟಿ ಗಿಷ್ಟಿ ನಡೆಯೋಲ್ಲ. ನೀವು ಹೆಂಗಸರು ಈ ಮೌಢ್ಯ ಬಿಡೋತನಕ ದೇಶ ಉದ್ಧಾರ ಆಗಲ್ಲ. ನಾನು ಲಂಡನ್ನಿನಲ್ಲಿದ್ದಾಗ..." ಅವ್ವ ತಲೆ ಅಲ್ಲಾಡಿಸಿ ಎಲ್ಲ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ, "ಬಾಳ ಮಾತಾಡ್ತಾನೆ ಕಣ್ಮಗ, ಎದ್ರುಪುಕ್ಲ ಇರ್ಬೇಕು" ಅಂದಳು.

ಮುಂಬೈಯವರು ಬರುವ ದಿನ ಬಂತು. ನಾನು ನಸುಕಿಗೇ ಎದ್ದು ಮೊದಲ ರೈಲಿಗೆ ಹೊರಟೆ. ಅವ್ವ ಹಿಂದೆ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಬುತ್ತಿ ತಂದಳು. ನಾನು ಕೊಳವೆಯನ್ನು ಕಾಯಿಸಿ, ಕಾಗದ ಕೆಂಪಾಗುವುದನ್ನು ಒಂದು ಸಲ ಕಣ್ಣಾರೆ ನೋಡಿ, ಹೊಸ ಸ್ಪಿರಿಟ್ಟು ತರಲು ಬಟ್ಟಿಯ ಕಡೆಗೆ ಹೋದೆ. ಅಲ್ಲಿ ಬೀಗದ ಕೈ ಇಟ್ಟುಕೊಂಡವನು ಕಾಣಲಿಲ್ಲ, ಕಾದು ನಿಂತೆ. ಅಷ್ಟರಲ್ಲಿ ನಡೆಯಬೇಕಾದ್ದು ನಡೆದುಹೋಗಿತ್ತು. ಜವಾನ ಆಮೇಲೆ ಹೇಳಿದ, ಅವ್ವನೂ ಹೇಳಿದಳು.

ಕೆಮಿಸ್ಟರು ಬೆಳಗಿನಿಂದ ಮೂರು ಸಲ ಟೈ ಬಿಚ್ಚಿ ಕಟ್ಟಿದರಂತೆ. ಜಗಲಿಯಲ್ಲಿ ಬುತ್ತಿ ಹಿಡಿದು ಕೂತಿದ್ದ ಅವ್ವನ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, "ಅಮ್ಮ, ಅವತ್ತು ಏನೋ ಹೇಳ್ತಿದ್ದಿರಲ್ಲ, ಅದು... ಒಂದು ಸಲ ಮಾಡಿಬಿಡಿ. ನಂಬಿಕೆ ಅಂತಲ್ಲ. ಸುಮ್ಮನೆ" ಅಂದರಂತೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವ್ವನ ಸೊಂಟದ ಚೀಲದಲ್ಲಿ ಸಾಸಿವೆ, ಮೆಣಸಿನಕಾಯಿ ಇದ್ದೇ ಇತ್ತು, ಮಗಳ ಕೆಲಸದ ದಿನ ಅಂತ ಮನೆಯಲ್ಲಿ ಉಳಿದಿದ್ದ ಸಾಸಿವೆಯನ್ನೆಲ್ಲ ಬಳಿದು ತಂದಿದ್ದಳು. ಯುದ್ಧದ ಕಾಲ, ಸಾಸಿವೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಲೆಗೂದಲು ಎಲ್ಲಿಂದ ಅಂದರೆ, ಕೆಮಿಸ್ಟರು ತಾವೇ ನಾಲ್ಕು ಕಿತ್ತು ಕೊಟ್ಟರಂತೆ. ಅವರಿಗೆ ಇದ್ದದ್ದೇ ಅಷ್ಟು.

ಅವ್ವ ಕೊಳವೆಗೂ ಸುತ್ತಿಸಿ, ಅವರಿಗೂ ಸುತ್ತಿಸಿ, ನಾಯಿ ಕಣ್ಣು ನರಿ ಕಣ್ಣು ಬಂದೋರ ಕಣ್ಣು ಹೋದೋರ ಕಣ್ಣು ಅಂತ ಹೇಳಿ ಥೂ ಥೂ ಅಂದು, ಹತ್ತಿರದಲ್ಲೇ ಇದ್ದ ಕೆಂಡಕ್ಕೆ ಹಾಕಿದಳು. ಆ ಕೆಂಡ ಯಾವುದು? ತಿದಿಯ ಬಾಯಿಯ ಪಕ್ಕದ ಅಗ್ಗಿಷ್ಟಿಕೆ. ಜವಾನ ತಿದಿ ಒತ್ತುತ್ತಲೇ ಇದ್ದ. ಸಾಸಿವೆಯ ಹೊಗೆ, ಕೂದಲಿನ ಹೊಗೆ, ಎರಡರಲ್ಲೂ ಗಂಧಕ ಬೇಕಾದಷ್ಟು. ಅಷ್ಟನ್ನೂ ತಿದಿ ಹೀರಿಕೊಂಡು ನೆಟ್ಟಗೆ ಪ್ಲಾಟಿನಮ್ಮಿನ ಮೂಗಿಗೆ ಊದಿತು. ಕೋಣೆಯಲ್ಲಿ ಯಾರಿಗೂ ಒಂದು ಕೆಮ್ಮು ಕೂಡ ಬರಲಿಲ್ಲ.

"ನೋಡಿದ್ರಾ ಬುದ್ಧಿ, ಗಾಟೇ ಬರ್ನಿಲ್ಲ. ಎಂತಾ ದಿಷ್ಟಿ ಇತ್ತು ಅಂತೀನಿ" ಅಂದಳಂತೆ ಅವ್ವ.

ಲಂಡನ್ನಿನ ಪದವೀಧರರು ಕೈ ಜೋಡಿಸಿ, "ಹೋಯಿತಲ್ಲ, ಸದ್ಯ" ಅಂದರಂತೆ. ಈರುಳ್ಳಿ ಎಸೆಸಿದ ಮಹಾಶಯರು ಇವರೇ.

ನಾನು ಸ್ಪಿರಿಟ್ಟು ತೆಗೆದುಕೊಂಡು ಬರುವಷ್ಟರಲ್ಲಿ ಮುಂಬೈಯವರು ಬಂದಾಗಿತ್ತು. ಬಿಳಿ ಸೂಟು, ದಪ್ಪ ಹೊಟ್ಟೆ, ಕನ್ನಡ ಒಂದು ಅಕ್ಷರ ಬಾರದು, ಇಂಗ್ಲಿಷಿನಲ್ಲೇ ಮಾತು. ಕೆಮಿಸ್ಟರು ಕೊಳವೆಯ ಮುಂದೆ ನಿಂತು ಲಂಡನ್ನಿನಿಂದ ಶುರುಮಾಡಿದರು. ನಾನು ಹಬೆ ಬಿಟ್ಟೆ. ಕಾಗದ ನೀಲಿ. ಸ್ವಲ್ಪ ಹೊತ್ತು ಕಾದೆವು. ನೀಲಿ. ಬಿಸಿ ಹೆಚ್ಚಿಸಿದೆ, ನೀಲಿ. ಮುಂಬೈಯವರು ಗಡಿಯಾರ ನೋಡಿಕೊಂಡರು. ನನ್ನ ಕಿವಿಯಲ್ಲಿ ಮಳವಳ್ಳಿಯ ತೇಗು ಕೇಳಿಸತೊಡಗಿತು.

ಆಗ ಬಗ್ಗಿ ನೋಡಿದರೆ ಅಗ್ಗಿಷ್ಟಿಕೆಯ ಬೂದಿಯಲ್ಲಿ ಕರಕಲಾದ ಮೆಣಸಿನ ತೊಟ್ಟು. ತಿದಿಯ ಬಾಯಿ ಮೂಸಿದೆ, ಸುಟ್ಟ ಕೂದಲ ವಾಸನೆ. ಎಲ್ಲ ಅರ್ಥವಾಯಿತು. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಕೆಮಿಸ್ಟರಿಗೂ ಅರ್ಥವಾಯಿತು ಅಂತ ಕಾಣುತ್ತದೆ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಇವರು ಜಗಲಿಯಲ್ಲಿದ್ದ ಅವ್ವನ ಕಡೆಗೆ ಬೆರಳು ಮಾಡಿ ಇಂಗ್ಲಿಷಿನಲ್ಲಿ, "ಈ ಅನಕ್ಷರಸ್ಥ ಹೆಂಗಸು ನಾನಿಲ್ಲದಾಗ ಒಳಗೆ ನುಗ್ಗಿ ಏನೋ ಮಾಟ ಮಾಡಿದ್ದಾಳೆ. ಹೆಣ್ಣನ್ನು ಕೆಲಸಕ್ಕೆ ಇಟ್ಟುಕೊಂಡರೆ ಹಿಂದೆ ಇಂಥದೆಲ್ಲ ಬರುತ್ತದೆ, ತಪ್ಪು ನನ್ನದೇ" ಅಂದರು.

ಅವ್ವನಿಗೆ ಇಂಗ್ಲಿಷು ಬಾರದು. ಬೆರಳು ಅರ್ಥವಾಗುತ್ತದೆ. ಎದ್ದು ಬಾಗಿಲಿಗೆ ಬಂದು ನಿಂತಳು. ಅವರನ್ನು "ಬುದ್ಧಿ" ಅಂತ ಕರೆಯುವುದು ಅಲ್ಲಿಗೆ ಮುಗಿಯಿತು.

"ನನ್ನ ಯಾಕಪ್ಪ ತೋರ್ಸ್ತೀಯೆ? ಮಾಡು ಅಂದೋನು ನೀನು. ಕೂದ್ಲು ಕಿತ್ತು ಕೊಟ್ಟೋನೂ ನೀನೇ."

ಮುಂಬೈಯವರು, ಆಕೆ ಏನು ಹೇಳುತ್ತಿದ್ದಾರೆ ಅಂತ ಕೇಳಿದರು. "ಕ್ಷಮಿಸಿ ಅಂತ ಬೇಡಿಕೊಳ್ಳುತ್ತಿದ್ದಾಳೆ" ಅಂದರು ಕೆಮಿಸ್ಟರು, ಒಂದು ಕ್ಷಣವೂ ತಡಮಾಡದೆ.

ಸುಮ್ಮನಿದ್ದಿದ್ದರೆ ಇನ್ನೊಂದು ಸಲ ಕೈಕಾಲು ಹಿಡಿದು ಕೆಲಸ ಉಳಿಸಿಕೊಳ್ಳಬಹುದಿತ್ತೇನೋ. ಅಷ್ಟು ಬುದ್ಧಿ ನನಗೂ ಇತ್ತು. ಆದರೆ ಅವ್ವನ ಬಾಯಲ್ಲಿ ಇಲ್ಲದ ಮಾತು ಹಾಕಿದರೆ ನಾನು ಸುಮ್ಮನಿರುವವಳಲ್ಲ. ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಮಾಡಿ ಹೇಳಿದೆ. ಕಿತ್ತ ಕೂದಲನ್ನೂ ಬಿಡಲಿಲ್ಲ. ಮುಂಬೈಯವರು ಕೆಮಿಸ್ಟರ ಬೋಳುತಲೆಯನ್ನು ಒಂದು ಸಲ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, ತಾವು ಶಿವನಸಮುದ್ರ ನೋಡಿಕೊಂಡು ಇದೇ ದಾರಿಯಲ್ಲಿ ಹಿಂತಿರುಗುವುದಾಗಿಯೂ, ಆಗ ಇನ್ನೊಂದು ಸಲ ತೋರಿಸಿದರೆ ನೋಡುವುದಾಗಿಯೂ ಹೇಳಿ ಕಾರು ಹತ್ತಿದರು.

ಕಾರಿನ ಧೂಳು ಇಳಿಯುವ ಮೊದಲೇ ಕೆಮಿಸ್ಟರು ನನಗೆ, "ನಾಳೆಯಿಂದ ಬರಬೇಡ" ಅಂದರು.

ಮದ್ದೂರಿನಲ್ಲಿ ಬಸ್ಸಿಳಿದು ಅವ್ವ ಮನೆ ಮೆಟ್ಟಿಲು ಹತ್ತುವಾಗ, "ನನ್ ಒಗೆಯಿಂದ್ಲೇ ಸತ್ತೋಯ್ತಾ ಅದು?" ಅಂದಳು. ಸುಳ್ಳು ಹೇಳಲು ಬರಲಿಲ್ಲ, ಹೌದು ಅಂದೆ. "ಅಂಗಾದ್ರೆ ಆಸಾಡದ ಮಾತು ನಾನು ಎತ್ತಾಕಿಲ್ಲ, ಅವ್ನೇ ಎತ್ಲಿ" ಅಂದಳು. ಮಾವ ಎತ್ತಲು ಏನು ತಡ. ಮಾರನೆಯ ದಿನವೇ ಮಳವಳ್ಳಿಯಿಂದ ತೆಂಗಿನಕಾಯಿ, ವೀಳ್ಯದೆಲೆ ಹಿಡಿದು ಬಂದು, ಉಂಡು, ತೇಗಿ, ಕೆಲಸ ಹೋಯಿತಂತಲ್ಲ ಒಳ್ಳೇದೇ ಆಯಿತು ಅಂದು ಹೋದ. ಇಂಥ ಸುದ್ದಿ ಮಳವಳ್ಳಿಗೆ ತಂತಿಗಿಂತ ಬೇಗ ಮುಟ್ಟುತ್ತದೆ.

ಅದರ ಮಾರನೆಯ ದಿನ ಬಾಗಿಲಲ್ಲಿ ಯಾರು ಅಂದರೆ, ಕೆಮಿಸ್ಟರು. ಕೋಟೊಳಗಿನ ಕೋಟು ಅವತ್ತು ಇರಲಿಲ್ಲ. ಹೊಸ ಪುಡಿ ಇಂಗ್ಲೆಂಡಿನಿಂದ ಬರಬೇಕು, ಹಡಗುಗಳು ಮುಳುಗುತ್ತಿವೆ, ಮುಂಬೈಯವರು ಎರಡು ದಿನದಲ್ಲಿ ಹಿಂತಿರುಗುತ್ತಾರೆ, ಏನಾದರೂ ದಾರಿ ಇದೆಯಾ ಅಂತ ನನ್ನನ್ನು ಕೇಳಿದರು. ದಾರಿ ಅವರದೇ ಪುಸ್ತಕದಲ್ಲಿತ್ತು. ಸೀಮೆಯಿಂದ ತಂದ ದಪ್ಪ ಪುಸ್ತಕ, ಆಗಿನ ಕಾಲಕ್ಕೆ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವರು ಕತ್ತರಿಸಿಕೊಳ್ಳಬೇಕು. ಅವರು ಎರಡನೇ ಅಧ್ಯಾಯದಿಂದ ಮುಂದೆ ಕತ್ತರಿಸಿಯೇ ಇರಲಿಲ್ಲ. ನಾನು ಬ್ಲೇಡು ತಗೊಂಡು ಕೊನೆಯವರೆಗೂ ಕತ್ತರಿಸಿ ಓದಿದ್ದೆ. ಪುಡಿಯನ್ನು ತೊಳೆದು, ಶುದ್ಧ ಗಾಳಿಯನ್ನು ಹದವಾಗಿ ಬಿಸಿಮಾಡಿ ಬಹಳ ಹೊತ್ತು ಹಾಯಿಸಿದರೆ ಹೋದ ಜೀವ ಅಷ್ಟೋ ಇಷ್ಟೋ ಮರಳುತ್ತದೆ. ಬಿಸಿ ಜಾಸ್ತಿಯಾದರೆ ಇದ್ದಿಲು ಉರಿದುಹೋಗುತ್ತದೆ, ಅದೇ ನಾಜೂಕು.

"ದಾರಿ ಇದೆ, ನಾನೇ ಮಾಡಬೇಕು" ಅಂದೆ.

ಅವ್ವ ಒಳಗಿನಿಂದ ಉಪ್ಪು ಹಾಕಿದ ಮಜ್ಜಿಗೆ ತಂದು ಅವರ ಮುಂದೆ ಇಟ್ಟಳು. "ಕುಡೀರಿ. ಕುಡ್ದು ಏಳಿ, ಕೆಲ್ಸ ಯಾರ್ದು ಅಂತ." ಅವರು ಕುಡಿದು, ಮೀಸೆ ಒರೆಸಿಕೊಂಡು, "ನಿಮ್ಮ ಮಗಳದೇ ಅಮ್ಮ" ಅಂದರು.

ಎರಡು ದಿನ ಕೊಳವೆಯ ಮುಂದೆ ಕೂತೆ. ಪುಡಿ ಒಮ್ಮೆಗೇ ಏಳಲಿಲ್ಲ. ಮೊದಲು ಕಾಗದದ ಅಂಚು ಒಂದಿಷ್ಟು ನೇರಳೆ ಬಣ್ಣಕ್ಕೆ ತಿರುಗಿತು. ಮಾರನೆಯ ದಿನ ಬೆಳಗ್ಗೆ ಕೆಂಪಾಯಿತು, ಹುಳಿ ವಾಸನೆ ಮೂಗಿಗೆ ಬಂತು. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ಹೊಸ ಕೋಟು ಹಾಕಿಕೊಂಡ ಒಬ್ಬ ಯುವಕ ನಿಂತಿದ್ದ. ಕೆಮಿಸ್ಟರ ಹೆಂಡತಿಯ ತಮ್ಮನಂತೆ.

"ನೀನು ಇನ್ನು ಹೊರಡಮ್ಮ. ಬಂದವರ ಮುಂದೆ ಹೆಣ್ಣುಮಕ್ಕಳು ನಿಲ್ಲೋದು ಚೆನ್ನಾಗಿರಲ್ಲ. ಖಾಯಂ ಕೆಲಸಕ್ಕೆ ಇವರ ಹೆಸರು ಹೋಗಿದೆ" ಅಂದರು ಕೆಮಿಸ್ಟರು.

"ಮಜ್ಜಿಗೆ ಕುಡಿದು ಹೇಳಿದ್ದಿರಿ ಸಾರ್."

"ಅದು ಮನೆ ಮಾತು. ಇದು ಆಫೀಸು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಆ ಯುವಕ ಕೊಳವೆಯನ್ನು ತೋರಿಸಿ, ಇದನ್ನು ಯಾವ ಕಡೆಯಿಂದ ಊದುತ್ತಾರೆ ಅಂತ ಭಾವನನ್ನು ಕೇಳುತ್ತಿದ್ದ. ಭಾವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಕಾರಿನ ಹಾರ್ನು ಕೇಳಿಸಿತು.

ಅವತ್ತೂ ಬುತ್ತಿ ತಂದಿದ್ದ ಅವ್ವ ಜಗಲಿಯಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬುತ್ತಿಯನ್ನು ಕೆಳಗಿಟ್ಟಳು. ಸೊಂಟದ ಚೀಲಕ್ಕೆ ಕೈ ಹಾಕಿ, ಹಿಡಿ ಬಿಗಿದು ಹೊರಗೆ ತೆಗೆದು, ಕಿಟಕಿಯ ಕೆಳಗೆ ತಿದಿಯ ಪಕ್ಕದಲ್ಲಿ ಬಂದು ನಿಂತಳು. ಜವಾನ ತಿದಿ ಒತ್ತುತ್ತಲೇ ಇದ್ದ. ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅವ್ವ ಹಿಡಿಯನ್ನು ಕೆಂಡದ ಮೇಲೆ ಎತ್ತಿ ನಿಧಾನಕ್ಕೆ ಸುತ್ತಿಸತೊಡಗಿದಳು.

"ನಾಯಿ ಕಣ್ಣು, ನರಿ ಕಣ್ಣು..."

ಕೆಮಿಸ್ಟರ ಮುಖ ಬಿಳುಚಿಕೊಂಡಿತು. "ಅಮ್ಮ, ಬೇಡಿ. ಕೈ ಇಳಿಸಿ."

"ಯಾಕಪ್ಪ? ಅವತ್ತು ನೀನೇ ಕೇಳ್ದಲ್ಲ. ಇವತ್ತು ಓಸಿಗೇ ತೆಗೀತಾ ಇವ್ನಿ."

"ಕೈ ಇಳಿಸಿ ಅಂದರೆ."

"ಕೆಲ್ಸ ಯಾರ್ದು?"

"ನಿಮ್ಮ ಮಗಳದು."

"ನಂಗೆ ಏಳ್ಬ್ಯಾಡ. ನಂಗೆ ಮಜ್ಜಿಗೆ ಕುಡ್ದು ಏಳಿದ್ದಾಗದೆ. ಆ ಸಾಯೇಬಂಗೆ ಇಂಗ್ಲೀಸ್ನಲ್ಲಿ ಏಳು. ನನ್ ಮಗಳು ಕೇಳುಸ್ಕತಾಳೆ."

ಮುಂಬೈಯವರು ಒಳಗೆ ಬಂದರು. ಅವ್ವ ಮುಷ್ಟಿ ಎತ್ತಿಕೊಂಡೇ ನಿಂತಿದ್ದಳು. ಕೆಮಿಸ್ಟರು ಗಂಟಲು ಸರಿಮಾಡಿಕೊಂಡು, ಇವರು ನಮ್ಮ ಲ್ಯಾಬಿನ ಖಾಯಂ ಕೆಮಿಸ್ಟು, ಕೆಟ್ಟುಹೋಗಿದ್ದ ಕ್ಯಾಟಲಿಸ್ಟನ್ನು ಮತ್ತೆ ಎಬ್ಬಿಸಿದವರು ಇವರೇ, ಇವರೇ ತೋರಿಸುತ್ತಾರೆ ಅಂತ ನನ್ನ ಕಡೆಗೆ ಕೈ ಮಾಡಿದರು. ಲಂಡನ್ನಿನ ಹೆಸರು ಎತ್ತಲಿಲ್ಲ.

"ಅಂಗಂದ್ನಾ?" ಅಂತ ಅವ್ವ ನನ್ನ ಮುಖ ನೋಡಿದಳು.

"ಅಂದರು" ಅಂದೆ.

ಆದರೂ ಅವ್ವ ಕೈ ಇಳಿಸಲಿಲ್ಲ. ನಾನು ಹಬೆ ಬಿಟ್ಟು, ಕಾಗದ ಕೆಂಪಾಗಿ, ಮುಂಬೈಯವರು ಬೋಗುಣಿಯ ನೀರನ್ನು ನಾಲಗೆಗೆ ಮುಟ್ಟಿಸಿಕೊಂಡು ಮುಖ ಹುಳ್ಳಗೆ ಮಾಡಿ ನನಗೆ ಕೈ ಮುಗಿಯುವವರೆಗೂ ಹಾಗೇ ನಿಂತಿದ್ದಳು. ಹೆಂಡತಿಯ ತಮ್ಮ ಅಷ್ಟರಲ್ಲಿ ಕೋಟು ಕಳಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

ಆಮೇಲೆ ಮಾತು ತಿರುಗಿಸಲು ಕೆಮಿಸ್ಟರಿಗೆ ದಾರಿ ಇರಲಿಲ್ಲ. ಮುಂಬೈಯವರು ಬಂದಾಗಲೆಲ್ಲ ನನ್ನನ್ನೇ ಕೇಳುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕುವತನಕ ನಾನು ಅಲ್ಲೇ ದುಡಿದೆ. ಮಾವ ಹಲಗೂರಿನ ಕಡೆಯಿಂದ ಒಬ್ಬಳನ್ನು ತಂದು ಮುತ್ತತ್ತಿಯಲ್ಲಿ ತಾಳಿ ಕಟ್ಟಿದ. ಆ ತೇಗನ್ನು ಈಗ ಅವಳು ಕೇಳುತ್ತಿದ್ದಾಳೆ.

ಅವತ್ತು ಸಾಯಂಕಾಲ ಬಸ್ಸಿನಲ್ಲಿ ಅವ್ವ ಮುಷ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಳು. ಮದ್ದೂರಿನಲ್ಲಿ ಇಳಿದು ಮನೆಗೆ ಬಂದು, ಒಲೆ ಹಚ್ಚುವ ಮೊದಲು ನಾನು ಹೇಳಿದೆ, "ಅದನ್ನ ಇನ್ನಾದರೂ ಚೀಲಕ್ಕೆ ಹಾಕು ಅವ್ವ. ಸಾಸಿವೆ ಸಿಗೋದೇ ಕಷ್ಟ, ಸಾರಿಗಾದರೂ ಆಗುತ್ತೆ."

ಅವ್ವ ಬೆರಳು ಬಿಚ್ಚಿದಳು. ಉಗುರು ಒತ್ತಿದ ಗುರುತು ಅಂಗೈಯಲ್ಲಿ ಕೆಂಪಗೆ ಇತ್ತು. ಅದನ್ನು ಬಿಟ್ಟು ಏನೂ ಇರಲಿಲ್ಲ.

"ಸಾಸ್ವೆ ಎಲ್ಲದೆ ಮಗ" ಅಂದಳು. "ಇದ್ದಿದ್ದ ಅವತ್ತೇ ಸುಟ್ಟಾಯ್ತಲ್ಲ. ಇವತ್ತು ಸಾರ್ಗೆ ಒಗ್ಗರಣೆ ಇಲ್ಲ, ಅಂಗೇ ಉಣ್ಣು."